ಒಂದು ಬೋಲ್ಟಿನ ಬಿಗಿ



ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಕೋಡಿಬಾಗದಿಂದ ಹಿಡಿದು ಅಂಕೋಲೆಯ ಪೇಟೆಯವರೆಗೆ ರವಿವಾರದ ಬೆಳಿಗ್ಗೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಅಂಗಳದಲ್ಲಿ ಬೈಕು ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. ಅದರ ಹೊಟ್ಟೆಯ ಕೆಳಗೊಂದು ಹಳೆಯ ಬೋಗುಣಿ. ಪಕ್ಕದಲ್ಲಿ ಹೊಸ ಆಯಿಲ್ ಡಬ್ಬಿ, ಒಂದೆರಡು ಪಾನಾ, ಕೈ ಒರೆಸಲು ಹರಿದ ಬನಿಯನ್ನು. ಮನೆಯ ಹುಡುಗನೋ, ನಿವೃತ್ತರಾದ ಯಜಮಾನರೋ ಕುಕ್ಕರಗಾಲಲ್ಲಿ ಕೂತು ಆಯಿಲ್ ಬದಲಿಸುತ್ತಿರುತ್ತಾರೆ. ನನಗೆ ಈ ನೋಟ ಬಹಳ ಇಷ್ಟ. ತಾನು ಬಳಸುವ ಯಂತ್ರವನ್ನು ತಾನೇ ನೋಡಿಕೊಳ್ಳುವವನಿಗೆ ಆ ಯಂತ್ರದ ಮಾತು ತಿಳಿಯುತ್ತದೆ. ಎಲ್ಲಿ ಸಡಿಲವಾಗಿದೆ, ಎಲ್ಲಿ ಸವೆದಿದೆ ಎಂದು ಅವನ ಕೈಗೆ ಮೊದಲೇ ಗೊತ್ತಾಗುತ್ತದೆ.

ಇಂದು ನಾನು ಮಾತಾಡಬೇಕೆಂದಿರುವುದು ಆ ಇಡೀ ಕೆಲಸದ ಬಗ್ಗೆ ಅಲ್ಲ, ಅದರ ಕೊನೆಯ ಅರ್ಧ ನಿಮಿಷದ ಬಗ್ಗೆ. ಹಳೆ ಆಯಿಲ್ ಪೂರ್ತಿ ಇಳಿದ ಮೇಲೆ ಎಂಜಿನ್ನಿನ ಆಯಿಲ್ ಚೇಂಬರಿನ ಕೆಳಗಿನ ಡ್ರೇನ್ ಬೋಲ್ಟನ್ನು ಮತ್ತೆ ಹಾಕಿ ಬಿಗಿ ಮಾಡುತ್ತೇವಲ್ಲ, ಆ ಅರ್ಧ ನಿಮಿಷ. ಗ್ಯಾರೇಜಿನಲ್ಲಿ ಇದನ್ನು ಡ್ರೇನ್ ನಟ್ ಎಂದೂ ಕರೆಯುತ್ತಾರೆ. ಮನೆಯಲ್ಲಿ ಆಯಿಲ್ ಬದಲಿಸುವವರು ಹೆಚ್ಚಾಗಿ ಕೆಡಿಸುವುದು ಇದೊಂದನ್ನೇ. ಕೆಡುವುದು ಸಡಿಲ ಬಿಟ್ಟದ್ದರಿಂದ ಅಂದುಕೊಳ್ಳಬೇಡಿ. ಬಹುಪಾಲು ಕೆಡುವುದು ಬಿಗಿ ಜಾಸ್ತಿಯಾಗಿ.

ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆಗ ನಮ್ಮ ಕರಾವಳಿ ಹೆದ್ದಾರಿಗೆ ಹದಿನೇಳನೇ ನಂಬರು, ಅರವತ್ತಾರು ಇನ್ನೂ ಆಗಿರಲಿಲ್ಲ. ನಾನು ಅಂಕೋಲೆಯಿಂದ ಕಾರವಾರಕ್ಕೆ ದಿನಾ ಬೈಕಿನ ಮೇಲೆ ಓಡಾಡುತ್ತಿದ್ದೆ. ಒಂದು ರವಿವಾರ ಆಯಿಲ್ ಬದಲಿಸಿದೆ. ಬೋಲ್ಟು ಹಾಕಿ ಬಿಗಿ ಮಾಡಿದೆ. ಒರೆಸಿ ನೋಡಿದರೆ ಅಂಚಿನಲ್ಲಿ ಸಣ್ಣ ತೇವ. ಇನ್ನಷ್ಟು ಬಿಗಿ ಮಾಡಿದೆ, ಮತ್ತೂ ತೇವ. ಸಿಟ್ಟು ಬಂತು. ಹಿತ್ತಿಲಲ್ಲಿ ಬಿದ್ದಿದ್ದ ಎರಡು ಅಡಿಯ ನೀರಿನ ಪೈಪಿನ ತುಂಡು ತಂದು ಪಾನಾದ ಹಿಡಿಕೆಗೆ ತೂರಿಸಿ, ಕಾಲು ಊರಿ ಎಳೆದೆ. ಮೊದಲು ಬಿಗಿಯಾಗುತ್ತಿದ್ದ ಬೋಲ್ಟು ಒಂದು ಗಳಿಗೆಯಲ್ಲಿ ಮೆತ್ತಗಾಯಿತು. ಬೆಣ್ಣೆಯೊಳಗೆ ಚಮಚ ತಿರುಗಿದ ಹಾಗೆ. ಆ ಮೆತ್ತಗಾಗುವುದು ಏನೆಂದು ಅಂದು ನನಗೆ ತಿಳಿಯಲಿಲ್ಲ. ಈಗ ಕೂತಿತು ಎಂದುಕೊಂಡು ಕೈ ತೊಳೆದೆ.

ಮರುದಿನ ಬೆಳಿಗ್ಗೆ ಅವರ್ಸಾ ದಾಟಿದೆ, ಹಾರವಾಡ ದಾಟಿದೆ. ಅಮದಳ್ಳಿಯ ಹತ್ತಿರ ಚಹಾಕ್ಕೆಂದು ನಿಲ್ಲಿಸಿದಾಗ ಬಲಗಾಲಿನ ಚಪ್ಪಲಿ ಜಾರಿತು. ಬಗ್ಗಿ ನೋಡಿದರೆ ಹಿಂದಿನ ಚಕ್ರದ ಮೇಲೆಲ್ಲ ಎಣ್ಣೆ. ನಾನು ಬಂದ ದಾರಿಯಲ್ಲಿ, ಕಣ್ಣು ಹಾಯುವಷ್ಟು ದೂರ, ಟಾರಿನ ಮೇಲೆ ಒಂದು ಕಪ್ಪು ಗೆರೆ. ನನಗೆ ನಿಜವಾಗಿ ಎದೆ ಹೊಡೆದುಕೊಂಡದ್ದು ಎಂಜಿನಿಗಾಗಿ ಅಲ್ಲ, ಆ ಗೆರೆಗಾಗಿ. ನನ್ನ ಹಿಂದೆ ಬರುವ ಬೈಕಿನವರು, ತಿರುವಿನಲ್ಲಿ ಅದರ ಮೇಲೆ ಚಕ್ರ ಇಟ್ಟರೆ? ಚಹಾದಂಗಡಿಯವರಿಂದ ಒಲೆಯ ಬೂದಿ ಕೇಳಿ ತಂದು, ಹತ್ತಿರದ ತಿರುವಿನವರೆಗೆ ಸುರಿದುಕೊಂಡು ಹೋದೆ. ಆಮೇಲೆ ಗಾಡಿಯನ್ನು ಟೆಂಪೋ ಮೇಲೆ ಹಾಕಿಸಿ ಊರಿಗೆ ತಿರುಗಿದೆ.

ನಮ್ಮ ಕಡೆಯ ಒಬ್ಬ ಹಳೆಯ ಫಿಟ್ಟರ್ ಮಾವ, ಬಂದರಿನಲ್ಲಿ ಬೋಟಿನ ಎಂಜಿನುಗಳಿಗೆ ಕೈಹಾಕಿ ಬೆಳೆದವರು, ಬೋಲ್ಟನ್ನು ಬೆರಳಲ್ಲೇ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಬೋಲ್ಟಿನ ಹಲ್ಲುಗಳ ನಡುವೆ ಬೆಳ್ಳಿಯ ತಂತಿಯಂಥದ್ದು ಸುತ್ತಿಕೊಂಡಿತ್ತು. ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗೆ, ಸುತ್ತಿಗೆ ಸುತ್ತು ಅಂಟಿಕೊಂಡು. ಉಗುರಿನಿಂದ ಎಬ್ಬಿಸಿದರೆ ಒಂದೇ ಎಳೆಯಾಗಿ ಬಿಚ್ಚಿಕೊಂಡು ಬಂತು.

“ಇದೆಂತದು ಗೊತ್ತಾಯ್ತೇನೋ ತಮಾ?” ಎಂದರು.

“ಇಲ್ಲ ಮಾವ.”

“ನಿನ್ನ ಎಂಜಿನ್ನಿನ ಥ್ರೆಡ್ಡು. ಚೇಂಬರಿನೊಳಗೆ ಇರಬೇಕಾದ್ದು ಬೋಲ್ಟಿನ ಮೇಲೆ ಬಂದು ಕೂತದೆ. ಎಣ್ಣೆ ತಡೆಯೂದು ನಿನ್ನ ರಟ್ಟೆ ಅಲ್ಲ, ವಾಯ್ಸರ್. ಬೋಲ್ಟು ಅದನ್ನ ಒತ್ತಿ ಹಿಡೀತದೆ, ಅಷ್ಟೇ.”

ಇವತ್ತಿಗೂ ನಾನು ಪಾನಾ ಹಿಡಿದಾಗಲೆಲ್ಲ ಆ ಬೆಳ್ಳಿ ಎಳೆ ಕಣ್ಣ ಮುಂದೆ ಬರುತ್ತದೆ.

ಅವರ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಬೋಲ್ಟು ಉಕ್ಕಿನದು. ಹೆಚ್ಚಿನ ಬೈಕು, ಸ್ಕೂಟರುಗಳಲ್ಲಿ ಅದು ಕೂರುವ ಎಂಜಿನ್ ಕವಚ ಅಲ್ಯೂಮಿನಿಯಂನದು. ಗಟ್ಟಿ ಮತ್ತು ಮೆತ್ತಗಿನದು ಜಗಳಕ್ಕೆ ನಿಂತರೆ ಸೋಲುವುದು ಮೆತ್ತಗಿನದೇ. ಬೋಲ್ಟು ಹಾಳಾದರೆ ಸ್ವಲ್ಪ ದುಡ್ಡಿನಲ್ಲಿ ಇನ್ನೊಂದು ಬರುತ್ತದೆ. ಹಾಳಾಗುವುದು ಮಾತ್ರ ಬದಲಿಸಲಾಗದ ಕಡೆಯದು. ಇವೆರಡರ ನಡುವೆ ಒಂದು ವಾಷರ್, ಗ್ಯಾರೇಜಿನ ಬಾಯಲ್ಲಿ ವಾಯ್ಸರ್. ತಾಮ್ರದ್ದೋ ಅಲ್ಯೂಮಿನಿಯಂದೋ ಆಗಿರುತ್ತದೆ. ಕೆಲವು ಗಾಡಿಗಳಲ್ಲಿ ರಬ್ಬರ್ ಉಂಗುರ. ಬೋಲ್ಟು ಒತ್ತಿದಾಗ ಈ ಮೆತ್ತಗಿನ ಲೋಹ ತುಸು ಜಜ್ಜಿಕೊಂಡು, ಎರಡೂ ಕಡೆಯ ಮೇಲ್ಮೈಯ ಸಣ್ಣ ಗೀರು ಗುಂಡಿಗಳನ್ನು ತುಂಬಿಕೊಳ್ಳುತ್ತದೆ. ಎಣ್ಣೆ ನಿಲ್ಲುವುದು ಅಲ್ಲಿ. ಅಡಿಗೆಮನೆಯ ಕುಕ್ಕರನ್ನು ನೆನೆಯಿರಿ. ಗ್ಯಾಸ್ಕೆಟ್ ಹಳೆಯದಾಗಿ ಸೆಡೆತರೆ ಮುಚ್ಚಳವನ್ನು ಎಷ್ಟು ಬಲವಾಗಿ ತಿರುವಿದರೂ ಆವಿ ಸೋರುತ್ತದೆ. ಅಮ್ಮ ಆಗ ಮುಚ್ಚಳಕ್ಕೆ ಗುದ್ದುವುದಿಲ್ಲ, ಗ್ಯಾಸ್ಕೆಟ್ ತರಿಸುತ್ತಾಳೆ. ನನ್ನ ಬೈಕಿನ ಅಂಚಿನಲ್ಲಿ ಕಂಡ ತೇವಕ್ಕೂ ಅದೇ ಮದ್ದು ಇತ್ತು. ಒಮ್ಮೆ ಜಜ್ಜಿ ಗಟ್ಟಿಯಾದ ಹಳೆಯ ವಾಷರನ್ನೇ ನಾನು ಮತ್ತೆ ಹಾಕಿದ್ದೆ.

ಆದ್ದರಿಂದ ಪ್ರತಿ ಸಲವೂ ಹೊಸ ವಾಷರ್ ಹಾಕಿ. ಆಯಿಲ್ ಡಬ್ಬಿ ಕೊಳ್ಳುವಾಗಲೇ ಅಂಗಡಿಯವರಿಂದ ನಿಮ್ಮ ಗಾಡಿಯ ಅಳತೆಯದು ಕೇಳಿ ತನ್ನಿ. ತಾಮ್ರದ್ದಾದರೆ ಇನ್ನೊಂದು ಹಳೆಯ ಉಪಾಯ ಉಂಟು: ಗ್ಯಾಸ್ ಉರಿಯಲ್ಲಿ ಇಕ್ಕಳದಿಂದ ಹಿಡಿದು ಮಂದ ಕೆಂಪಾಗುವವರೆಗೆ ಕಾಸಿ ನೀರಿಗೆ ಅದ್ದಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಹೊಸದು ಸಿಗದ ಹಳ್ಳಿಯಲ್ಲಿ ಈಗಲೂ ಹೀಗೆ ಮಾಡುವವರಿದ್ದಾರೆ. ಅಲ್ಯೂಮಿನಿಯಂಗೆ ಇದನ್ನು ಮಾಡಲು ಹೋಗಬೇಡಿ, ಅದು ಕೆಂಪಾಗುವ ಮೊದಲೇ ಕರಗುತ್ತದೆ. ಹಳೆಯ ವಾಷರ್ ಚೇಂಬರಿಗೇ ಅಂಟಿಕೊಂಡು ಉಳಿದಿರುವುದೂ ಉಂಟು. ಅದನ್ನು ನೋಡದೆ ಮೇಲೊಂದು ಹೊಸದನ್ನು ಹಾಕಿದರೆ ಎರಡು ಸೇರಿ ಸೋರುತ್ತವೆ. ಬೆರಳಾಡಿಸಿ ನೋಡಿ.

ಈಗ ಬೋಲ್ಟನ್ನು ಹೇಗೆ ಕೂರಿಸುವುದು. ಪಾನಾ ದೂರ ಇಡಿ, ಮೊದಲು ಬೆರಳು. ಮನೆಯಲ್ಲಿ ಒಣ ಸೆಟ್ಲಿ ತುಂಬಿಟ್ಟ ಬಾಟಲಿಯ ಮುಚ್ಚಳ ಅವಸರದಲ್ಲಿ ಓರೆಯಾಗಿ ಕೂರುವುದನ್ನು ನೋಡಿದ್ದೀರಲ್ಲ? ಒಂದೆರಡು ಸುತ್ತು ಹೋಗುತ್ತದೆ, ಸಿಕ್ಕಿಕೊಳ್ಳುತ್ತದೆ. ಒತ್ತಿ ತಿರುವಿದರೆ ಮುಚ್ಚಳದ ಹಲ್ಲೇ ಹೋಗುತ್ತದೆ. ಬೋಲ್ಟಿಗೂ ಇದೇ ಗತಿ. ಬೋಲ್ಟನ್ನು ತೂತಿಗೆ ನೇರ ಹಿಡಿದು, ಮೊದಲು ಬಿಚ್ಚುವ ದಿಕ್ಕಿಗೆ ನಿಧಾನ ತಿರುಗಿಸಿ. ಒಂದು ಕಡೆ ಸಣ್ಣಗೆ ಟಕ್ ಎಂದು ಇಳಿದ ಹಾಗಾಗುತ್ತದೆ. ಬೋಲ್ಟಿನ ಮೊದಲ ಹಲ್ಲು ತೂತಿನ ಮೊದಲ ಹಲ್ಲಿನಿಂದ ಜಾರಿ ಬಿದ್ದ ಗುರುತು ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ತಾನಾಗಿ ಹಾದಿ ಹಿಡಿಯುತ್ತದೆ. ವಾಷರ್ ಮುಟ್ಟುವವರೆಗೂ ಬೆರಳಲ್ಲೇ ಹೋಗಬೇಕು. ನಡುವೆ ಎಲ್ಲಾದರೂ ಗಟ್ಟಿಯಾದರೆ ನಿಲ್ಲಿಸಿ, ಬಿಚ್ಚಿ, ಒರೆಸಿ, ಮತ್ತೆ ಮೊದಲಿಂದ. ಇಲ್ಲಿ ಕಳೆದ ಎರಡು ನಿಮಿಷ ಎಂದೂ ದಂಡವಲ್ಲ.

ಇನ್ನೊಂದು ತಪ್ಪು ದಿಕ್ಕಿನದು. ಬಿಗಿ ಮಾಡುವುದು ಗಡಿಯಾರದ ಮುಳ್ಳಿನಂತೆ ಎಂದು ಎಲ್ಲರಿಗೂ ಗೊತ್ತು. ಆದರೆ ಡ್ರೇನ್ ಬೋಲ್ಟಿನ ತಲೆ ನೆಲವನ್ನು ನೋಡುತ್ತಿರುತ್ತದೆ, ನಾವು ಮೇಲಿಂದ ಬಗ್ಗಿ ನೋಡುತ್ತಿರುತ್ತೇವೆ. ಗಡಿಯಾರವನ್ನು ಬೆನ್ನ ಹಿಂದಿನಿಂದ ನೋಡಿದ ಹಾಗೆ, ಎಲ್ಲ ತಿರುವುಮುರುವು. ಬಿಚ್ಚುತ್ತೇನೆಂದು ಎಳೆದವರು ಎಷ್ಟೋ ಸಲ ಬಿಗಿ ಮಾಡುತ್ತಿರುತ್ತಾರೆ. ಬರುತ್ತಿಲ್ಲ, ಹಿಡಿದುಕೊಂಡಿದೆ ಎಂದು ಇನ್ನಷ್ಟು ಎಳೆಯುತ್ತಾರೆ. ಹೀಗೆ ಬಿಚ್ಚುವಾಗಲೂ ಹಲ್ಲು ಹಾಳಾಗುತ್ತದೆ! ಇದಕ್ಕೊಂದು ಸುಲಭ ದಾರಿ ಇದೆ. ಬಲಗೈ ಮುಷ್ಟಿ ಹಿಡಿದು ಹೆಬ್ಬೆರಳು ಮಾತ್ರ ಚಾಚಿ. ಬೋಲ್ಟು ಯಾವ ಕಡೆ ಹೋಗಬೇಕೋ ಹೆಬ್ಬೆರಳು ಆ ಕಡೆ ಇರಲಿ. ಎಂಜಿನ್ನಿನ ಒಳಗೆ ಹೋಗಬೇಕೆಂದರೆ ಮೇಲಕ್ಕೆ, ಹೊರಗೆ ಬರಬೇಕೆಂದರೆ ಕೆಳಕ್ಕೆ. ಉಳಿದ ಬೆರಳುಗಳು ಮಡಚಿಕೊಂಡ ದಿಕ್ಕೇ ಪಾನಾ ತಿರುಗಬೇಕಾದ ದಿಕ್ಕು. ಮಲಗಿ ನೋಡಿ, ನಿಂತು ನೋಡಿ, ಈ ಲೆಕ್ಕ ತಪ್ಪುವುದಿಲ್ಲ.

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ: ಎಷ್ಟು ಬಿಗಿ?

ತಿರುಚುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಎಷ್ಟು ತೂಕದ ಬಲ ಹಾಕಿದಿರಿ, ಬೋಲ್ಟಿನ ನಡುವಿನಿಂದ ಎಷ್ಟು ದೂರದಲ್ಲಿ ಹಾಕಿದಿರಿ, ಎರಡರ ಗುಣಾಕಾರ ಅದು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೋ ಕಂಪನಿಯ ಸರ್ವಿಸ್ ಪುಸ್ತಕದಲ್ಲೋ ಇದನ್ನು ನ್ಯೂಟನ್ ಮೀಟರಿನಲ್ಲಿ ಕೊಟ್ಟಿರುತ್ತಾರೆ. ಸಣ್ಣ ಬೈಕು, ಸ್ಕೂಟರುಗಳಲ್ಲಿ ಸಾಮಾನ್ಯವಾಗಿ 20ರಿಂದ 30ರ ನಡುವೆ. ಸಣ್ಣ ಕಾರುಗಳಲ್ಲಿ 30ರಿಂದ 40ರ ಸುತ್ತಮುತ್ತ. ನಿಮ್ಮ ಗಾಡಿಯ ನಿಜವಾದ ಅಂಕಿ ನಿಮ್ಮ ಪುಸ್ತಕದಲ್ಲಿ ಇರುವುದೇ ಹೊರತು ನಾನು ಹೇಳಿದ್ದಲ್ಲ.

25 ನ್ಯೂಟನ್ ಮೀಟರ್ ಎಂದರೆ ಎಷ್ಟು? ಒಂದು ಮೀಟರ್ ದೂರದಲ್ಲಿ ಎರಡೂವರೆ ಕಿಲೋ ತೂಗುಹಾಕಿದಷ್ಟು. ನಮ್ಮ ರಿಂಗ್ ಪಾನಾ ಒಂದು ಮೀಟರ್ ಇರುವುದಿಲ್ಲ. ಬೋಲ್ಟಿನ ನಡುವಿನಿಂದ ನಮ್ಮ ಕೈ ಹಿಡಿವ ಜಾಗದವರೆಗೆ 20 ಸೆಂಟಿಮೀಟರ್ ಎನ್ನಿ. ಆಗ ಬೇಕಾದ್ದು ಹನ್ನೆರಡೂವರೆ ಕಿಲೋದಷ್ಟು ಎಳೆತ. ಅಂದರೆ ಒಂದು ಕೊಡಪಾನ ನೀರನ್ನು ಬಾವಿಯಿಂದ ಸೇದುವುದಕ್ಕೆ ಬೇಕಾಗುವಷ್ಟು. ಇಷ್ಟೇನಾ ಅನ್ನಿಸುತ್ತದೆ. ಇಷ್ಟೇ. ಅಷ್ಟರಿಂದಲೇ 12 ಮಿಲಿಮೀಟರ್ ದಪ್ಪದ ಬೋಲ್ಟು ವಾಷರನ್ನು ಎಷ್ಟು ಬಲದಿಂದ ಒತ್ತುತ್ತದೆ ಗೊತ್ತೇ? ಎಂಜಿನಿಯರುಗಳು ಬಳಸುವ ಸಾದಾ ಸೂತ್ರದ ಲೆಕ್ಕದಲ್ಲಿ ಸುಮಾರು ಒಂದು ಟನ್. ಐವತ್ತು ಕಿಲೋದ ಇಪ್ಪತ್ತು ಅಕ್ಕಿ ಚೀಲಗಳನ್ನು ಆ ಬಿಲ್ಲೆಯಷ್ಟಗಲದ ಉಂಗುರದ ಮೇಲೆ ಪೇರಿಸಿಟ್ಟ ಹಾಗೆ. ಇಳಿಜಾರಿನಂತೆ ಸುತ್ತಿಕೊಂಡಿರುವ ಆ ಹಲ್ಲಿನ ಮಹಿಮೆ ಅದು. ಬೋಲ್ಟು ಪೂರ್ತಿ ಒಂದು ಸುತ್ತು ತಿರುಗಿದರೆ ಒಳಗೆ ಹೋಗುವುದು ಒಂದೂವರೆ ಮಿಲಿಮೀಟರ್ ಮಾತ್ರ. ಕೈಯ ದೊಡ್ಡ ಚಲನೆ ಅಲ್ಲಿ ಸಣ್ಣ ಚಲನೆಯಾಗಿ, ಸಣ್ಣ ಬಲ ದೊಡ್ಡ ಬಲವಾಗುತ್ತದೆ.

ನನ್ನ ಪೈಪಿನ ಲೆಕ್ಕವನ್ನೂ ಮಾಡಿ ನೋಡಿದ್ದೇನೆ. ಎರಡಡಿ ಎಂದರೆ ಅರವತ್ತು ಸೆಂಟಿಮೀಟರ್. ಕಾಲು ಊರಿ ಎಳೆದ ನನ್ನ ಬಲ ಮೂವತ್ತು ಕಿಲೋ ಎಂದಿಟ್ಟುಕೊಳ್ಳಿ. ಗುಣಿಸಿದರೆ ಬೇಕಾದ್ದರ ಏಳು ಪಟ್ಟು. ಯಾವ ಅಲ್ಯೂಮಿನಿಯಂ ಹಲ್ಲು ತಡೆದೀತು?

ಟಾರ್ಕ್ ಪಾನಾ ಎಂಬ ಉಪಕರಣ ಇದೆ. ಬೇಕಾದ ಅಂಕಿಗೆ ಹೊಂದಿಸಿದರೆ ಆ ಬಿಗಿ ಬಂದಾಗ ಟಿಕ್ ಎನ್ನುತ್ತದೆ. ಕೊಳ್ಳುವ ಶಕ್ತಿ ಇದ್ದವರು ಖಂಡಿತ ಕೊಳ್ಳಿ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಆಯಿತು. ಕೊಳ್ಳುವಾಗ ಅದರ ವ್ಯಾಪ್ತಿ ನೋಡಿ. ಲಾರಿಯ ಚಕ್ರದ ನಟ್ಟಿಗೆಂದು ಮಾಡಿದ ದೊಡ್ಡ ಪಾನಾ ತನ್ನ ಅಳತೆಪಟ್ಟಿಯ ಕೆಳತುದಿಯಲ್ಲಿ ನಂಬಿಕೆಗೆ ಬರುವುದಿಲ್ಲ. ಹಿಡಿಕೆಯ ಮೇಲೆ ನ್ಯೂಟನ್ ಮೀಟರ್ ಒಂದು ಕಡೆ, ಅಡಿ ಪೌಂಡು ಇನ್ನೊಂದು ಕಡೆ ಕೊರೆದಿರುತ್ತಾರೆ. 25 ಅಡಿ ಪೌಂಡು ಎಂದರೆ ಹೆಚ್ಚು ಕಡಿಮೆ 34 ನ್ಯೂಟನ್ ಮೀಟರ್. ತಪ್ಪು ಪಟ್ಟಿ ಓದಿದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿಗಿ ಏರಿತು. ಟಿಕ್ ಎಂದ ಮೇಲೆ ಇನ್ನೊಮ್ಮೆ ಇರಲಿ ಎಂದು ಎಳೆಯಬೇಡಿ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಕೆಳಗಿನ ಅಂಕಿಗೆ ಇಳಿಸಿಡಿ.

ಟಾರ್ಕ್ ಪಾನಾ ಇಲ್ಲದವರಿಗೆ ಫಿಟ್ಟರ್ ಮಾವ ತೋರಿಸಿಕೊಟ್ಟ ದಾರಿ ಹೇಳುತ್ತೇನೆ. ಇದನ್ನು ಹೇಳುವುದಕ್ಕಾಗಿಯೇ ನಾನು ಈ ಭಾಷಣ ಒಪ್ಪಿಕೊಂಡೆ ಎಂದರೂ ಸರಿ. ಮೀನು ಮಾರುವವರ ಹತ್ತಿರ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇರುತ್ತದಲ್ಲ, ಅಂಥದ್ದೊಂದು ತನ್ನಿ. ಬ್ಯಾಗು ತೂಗುವ ಕೈತಕ್ಕಡಿಯೂ ಆದೀತು. ಪಾನಾವನ್ನು ಬೋಲ್ಟಿಗೆ ಹಾಕಿ, ನಡುವಿನಿಂದ ಸರಿಯಾಗಿ 20 ಸೆಂಟಿಮೀಟರಿಗೆ ಹಿಡಿಕೆಯ ಮೇಲೆ ದಾರ ಕಟ್ಟಿ, ದಾರಕ್ಕೆ ಕೊಕ್ಕೆ ಸಿಕ್ಕಿಸಿ. ತಕ್ಕಡಿಯನ್ನು ಪಾನಾಕ್ಕೆ ಲಂಬವಾಗಿ, ಅಂದರೆ ಮೂಲೆಮಟ್ಟದ ಹಾಗೆ ಹಿಡಿದು ನಿಧಾನವಾಗಿ ಎಳೆಯಿರಿ. ಓರೆ ಎಳೆದರೆ ಲೆಕ್ಕ ತಪ್ಪುತ್ತದೆ. ಮುಳ್ಳು ಹನ್ನೆರಡೂವರೆಗೆ ಬಂದಾಗ ನಿಲ್ಲಿಸಿ. ಬೇರೆ ಅಂಕಿಯ ಗಾಡಿಯಾದರೆ ನ್ಯೂಟನ್ ಮೀಟರನ್ನು ಎರಡರಿಂದ ಭಾಗಿಸಿದರೆ, 20 ಸೆಂಟಿಮೀಟರಿಗೆ ಬೇಕಾದ ಕಿಲೋ ಹೆಚ್ಚುಕಡಿಮೆ ಸಿಗುತ್ತದೆ.

ಮಾವ ನನ್ನಿಂದ ಇದನ್ನು ಗುಜರಿಯ ಹಳೆ ಎಂಜಿನ್ನೊಂದರ ಮೇಲೆ ಹತ್ತಾರು ಸಲ ಮಾಡಿಸಿದರು. ಆಮೇಲೆ ತಕ್ಕಡಿ ತೆಗೆದಿಟ್ಟು, “ಈಗ ಕೈಯಲ್ಲಿ ಮಾಡು, ಕಣ್ಣು ಮುಚ್ಕಂಡು” ಎಂದರು. ನಾನು ಎಳೆದು ನಿಂತೆ. ಅವರು ತಕ್ಕಡಿ ಸಿಕ್ಕಿಸಿ ಬೋಲ್ಟು ಎಲ್ಲಿ ಅಲುಗುತ್ತದೆ ಎಂದು ನೋಡಿದರು. ಮೊದಮೊದಲು ನನ್ನ ಅಂದಾಜು ಸುಮಾರು ಇಮ್ಮಡಿ ಇರುತ್ತಿತ್ತು. ಸಂಜೆ ಹೊತ್ತಿಗೆ ಕೈ ತಾನಾಗಿ ನಿಲ್ಲತೊಡಗಿತು. ಮೊಣಕೈ ಮೇಲಿನ ಬಲ ಬರಲೇಬಾರದು, ಮಣಿಕಟ್ಟಿನ ಬಲ ಸಾಕು ಎಂದು ಆಗ ಗೊತ್ತಾಯಿತು. ಪಾನಾವನ್ನು ತುದಿಯಲ್ಲಿ ಹಿಡಿಯದೆ ಬೋಲ್ಟಿನ ಹತ್ತಿರಕ್ಕೆ ಹಿಡಿಯುವುದನ್ನೂ ಕಲಿತೆ.

ಅಳೆದು ಬಿಗಿ ಮಾಡುವುದು ಮನೆಯಲ್ಲಿ ಆಯಿಲ್ ಬದಲಿಸುವವರಿಗೆ ಮಾತ್ರ ಹೇಳುವ ಮಾತಲ್ಲ. ನಮ್ಮ ಕಾರವಾರ ತಾಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಆಗಿನ ಜಗತ್ತಿನ ದಾಖಲೆ ಮಾಡಿತು. ಅಂಥ ಸ್ಥಾವರಗಳಲ್ಲಿ ಪೈಪು ಜೋಡಿಸುವ ಬೋಲ್ಟುಗಳನ್ನು ಅಳೆದೇ ಬಿಗಿ ಮಾಡುತ್ತಾರೆ. ಅಷ್ಟು ಕಲಿತವರು ಅಳೆಯುತ್ತಾರೆಂದ ಮೇಲೆ ನಾವು ಅಳೆಯಲು ಸಂಕೋಚಪಡಬೇಕೇ?

ಬಿಗಿ ಮಾಡುವಾಗ ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಒಂದು ಪಾಲು ಮಾತ್ರ ಒತ್ತುವ ಬಲವಾಗುತ್ತದೆ. ಹಾಗಾಗಿ ಹಲ್ಲಿನಲ್ಲಿ ಮರಳಿನ ಕಣ ಇದ್ದರೆ ಬಿಗಿಯಾದಂತೆ ತೋರಿ ಸಡಿಲವೇ ಇರುತ್ತದೆ. ಗ್ರೀಸು ಬಳಿದರೆ ಅದೇ ಎಳೆತಕ್ಕೆ ಬಿಗಿ ವಿಪರೀತವಾಗುತ್ತದೆ. ಎರಡೂ ಬೇಡ. ಬೋಲ್ಟು, ತೂತಿನ ಬಾಯಿ, ಎರಡನ್ನೂ ಬಟ್ಟೆಯಿಂದ ಒರೆಸಿ. ಅಲ್ಲಿ ಉಳಿಯುವ ತೆಳು ಎಣ್ಣೆ ಇರಲಿ. ಅಯಸ್ಕಾಂತದ ಬೋಲ್ಟಾಗಿದ್ದರೆ ತುದಿಗೆ ಬೂದುಬಣ್ಣದ ಕೆಸರಿನಂಥದ್ದು ಹತ್ತಿರುತ್ತದೆ, ಅದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಮಾತ್ರ ಗ್ಯಾರೇಜಿಗೆ ತೋರಿಸಿ.

ಬೋಲ್ಟು ಕಳೆದು ಹಾರ್ಡ್‌ವೇರ್ ಅಂಗಡಿಯಿಂದ ತರುವವರು ಎಚ್ಚರ. ಅಲ್ಲಿ ಸಿಗುವ 12 ಮಿಲಿಮೀಟರ್ ಬೋಲ್ಟಿನ ಹಲ್ಲಿನ ಅಂತರ ಸಾಮಾನ್ಯವಾಗಿ 1.75 ಮಿಲಿಮೀಟರ್. ಗಾಡಿಗೆ ಬೇಕಾದ್ದು 1.5 ಅಥವಾ 1.25. ಕಣ್ಣಿಗೆ ವ್ಯತ್ಯಾಸ ಕಾಣದು. ಎರಡು ಸುತ್ತು ಹೋಗಿ ಗಟ್ಟಿಯಾದಾಗ ಕೂತಿತು ಅನ್ನಿಸುತ್ತದೆ, ಒಳಗೆ ಹಲ್ಲು ಕೊಯ್ದಿರುತ್ತದೆ. ಒಂದು ಕಾಲದಲ್ಲಿ ಒಂದೊಂದು ಕಾರ್ಖಾನೆಗೆ ಒಂದೊಂದು ಹಲ್ಲಿನ ಅಳತೆ ಇತ್ತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಸೂಚಿಸಿದ. ಹಳೆಯ ಬುಲೆಟ್ ಗಾಡಿಗಳಲ್ಲಿ ಇಂಗ್ಲಿಷರ ಆ ಅಳತೆಗಳ ಕುಲ ಉಳಿದಿತ್ತು, ಅವುಗಳಿಗೆ ಬೇರೆ ಪಾನಾಗಳೇ ಬೇಕು.

ನಮ್ಮ ಊರುಗಳಿಗೆ ಇನ್ನೊಂದು ವಿಶೇಷ ತೊಂದರೆ ಇದೆ, ಉಪ್ಪುಗಾಳಿ. ಘಟ್ಟದ ಮೇಲಿನವರು ಬರೆದ ಸೂಚನೆಗಳಲ್ಲಿ ಇದು ಇರುವುದಿಲ್ಲ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಚೇಂಬರು, ನಡುವೆ ಉಪ್ಪುನೀರಿನ ಪಸೆ. ಮೂರೂ ಸೇರಿದರೆ ಅದೊಂದು ಸಣ್ಣ ಬ್ಯಾಟರಿ. ಕರೆಂಟು ಹರಿಯುತ್ತದೆ, ಸವೆಯುವುದು ಅಲ್ಯೂಮಿನಿಯಂ. ಬೋಲ್ಟಿನ ತಲೆಯ ಸುತ್ತ ಉಪ್ಪಿನ ಹುಡಿಯಂತೆ ಬೆಳ್ಳಗಿನ ಪುಡಿ ಕಂಡರೆ ಅದೇ ಗುರುತು. ಸಮುದ್ರದ ದಂಡೆಯಲ್ಲೇ ಮನೆ ಇದ್ದವರು, ಮೀನಿನ ಬುಟ್ಟಿ ಕಟ್ಟಿಕೊಂಡು ಬೈಕಿನಲ್ಲಿ ಊರೂರು ತಿರುಗುವವರು, ವಾರಕ್ಕೊಮ್ಮೆಯಾದರೂ ಸಿಹಿನೀರಿನಿಂದ ಗಾಡಿಯ ಹೊಟ್ಟೆ ತೊಳೆಯಬೇಕು. ಬೋಲ್ಟು ಹಿಡಿದುಕೊಂಡಿದ್ದರೆ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ಬೆಳಿಗ್ಗೆ ಕೈಹಾಕಿ. ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿಕೊಳ್ಳಿ. ಅಲ್ಯೂಮಿನಿಯಂ ಉಕ್ಕಿಗಿಂತ ಇಮ್ಮಡಿ ಹಿಗ್ಗುವುದರಿಂದ ಹಿಡಿತ ತುಸು ಸಡಿಲುತ್ತದೆ, ಆಯಿಲ್ ಕೂಡ ತೆಳುವಾಗಿ ಚೆನ್ನಾಗಿ ಇಳಿಯುತ್ತದೆ. ಬಾಯಿ ತೆರೆದ ಪಾನಾ ಬೇಡ, ಆರು ಮೂಲೆಯನ್ನೂ ಹಿಡಿಯುವ ಬಾಕ್ಸ್ ಪಾನಾ ಬಳಸಿ. ಬೋಲ್ಟಿನ ಮೂಲೆ ಉರುಟಾದರೆ ಮುಂದಿನ ಕೆಲಸ ಬಹಳ ಕಷ್ಟ.

ಬೈತಖೋಲ ಬಂದರಿನಲ್ಲಿ ಈ ಉಪ್ಪಿನ ಕಥೆ ಇನ್ನೂ ಕಟುವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಂಜಿನ್ನುಗಳ ದುರಸ್ತಿಗೆ ಅದೇ ಹೊತ್ತು. ಬೋಟಿನ ಒಳಗೆ ಕೂತ ದೊಡ್ಡ ಎಂಜಿನ್ನಿನ ಕೆಳಗೆ ಬೋಗುಣಿ ಇಡಲು ಜಾಗವೇ ಇರುವುದಿಲ್ಲ. ಹಾಗಾಗಿ ಕೈಪಂಪಿನಿಂದ ಆಯಿಲನ್ನು ಮೇಲಿನಿಂದ ಸೆಳೆಯುತ್ತಾರೆ. ದೋಣಿಯ ಹಿಂಬದಿಗೆ ತೂಗುಹಾಕುವ ಮೋಟಾರಿನದು ಬೇರೆ ಲೆಕ್ಕ. ಅದರ ಫ್ಯಾನಿನ ಮೇಲ್ಭಾಗದಲ್ಲಿ ಗೇರ್ ಆಯಿಲ್ ಇರುವ ಕೋಣೆಗೆ ಎರಡು ಸ್ಕ್ರೂ, ಕೆಳಗೊಂದು, ಮೇಲೊಂದು. ಎರಡಕ್ಕೂ ತೆಳು ವಾಷರ್. ನಮ್ಮ ಬೈಕಿನ ವಾಷರ್ ಎಣ್ಣೆಯನ್ನು ಹೊರಗೆ ಹೋಗದಂತೆ ತಡೆದರೆ, ಇದು ಸಮುದ್ರವನ್ನು ಒಳಗೆ ಬಾರದಂತೆಯೂ ತಡೆಯಬೇಕು. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ಮೇಲಕ್ಕೆ ಒತ್ತುತ್ತಾರೆ, ಒಳಗಿನ ಗಾಳಿ ಪೂರ್ತಿ ಹೊರಡಲೆಂದು. ಮೇಲಿನ ತೂತಿನಲ್ಲಿ ಎಣ್ಣೆ ಕಂಡ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ವಾಷರ್ ಕೆಟ್ಟಿದ್ದರೆ ಮುಂದಿನ ಸಲ ಬಿಚ್ಚಿದಾಗ ಬರುವ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣದ್ದು. ನೀರು ಸೇರಿದ ಎಣ್ಣೆ ಗೇರನ್ನು ತಿನ್ನುತ್ತದೆ. ಕಡಲ ನಡುವೆ ಗೇರು ಕೈಕೊಟ್ಟರೆ ದೋಣಿಯವರ ಗತಿ ಏನೆಂದು ಮಾಜಾಳಿಯಿಂದ ಬೇಲೇಕೇರಿಯವರೆಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಉಂಗುರವೆಂದು ಅಲ್ಲಿ ಯಾರೂ ಉಡಾಫೆ ಮಾಡುವುದಿಲ್ಲ.

ಈಗಾಗಲೇ ಹಲ್ಲು ಹೋದವರು ಏನು ಮಾಡಬೇಕು? ಬಿಗಿ ಮಾಡುವಾಗ ಒಮ್ಮೆಲೇ ಮೆತ್ತಗಾಯಿತೆಂದರೆ ಅಲ್ಲಿಗೆ ಕೈ ಬಿಡಿ, ಗಾಡಿ ಓಡಿಸಬೇಡಿ. ಪ್ಲಂಬರಿನ ಟೇಪು ಸುತ್ತುವುದು, ಅಂಟು ಮೆತ್ತುವುದು ಮಾಡಬೇಡಿ. ಟೇಪಿನ ಎಳೆ ಒಳಗೆ ಹರಿದು ಹೋಗಿ ಎಣ್ಣೆಯ ದಾರಿ ಕಟ್ಟೀತು. ಅಂಟು ಬಿಸಿಗೆ ಬಿಟ್ಟೀತು. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಹಲ್ಲು ಕೊರೆದು, ಉಕ್ಕಿನ ಸುರುಳಿಯೊಂದನ್ನು ಒಳಗೆ ಕೂರಿಸುವ ವಿಧಾನ ಇದೆ, ಹೆಲಿಕಾಯಿಲ್ ಎನ್ನುತ್ತಾರೆ. ಸರಿಯಾಗಿ ಕೂರಿಸಿದರೆ ಮೊದಲಿನ ಅಲ್ಯೂಮಿನಿಯಂ ಹಲ್ಲಿಗಿಂತ ಗಟ್ಟಿ. ನನ್ನ ಬೈಕಿಗೂ ಅದನ್ನೇ ಮಾಡಿದರು. ಲೇಥಿನ ಕೆಲಸ ಬಲ್ಲವರಿಂದಲೇ ಮಾಡಿಸಿ, ಕೊರೆದ ಚೂರು ಒಂದೂ ಒಳಗೆ ಉಳಿಯಬಾರದು.

ಹಳೆಯ ಆಯಿಲ್ ಬಗ್ಗೆ ಎರಡು ಮಾತು. ಗಟಾರಕ್ಕೆ ಸುರಿದದ್ದು ಮೊದಲ ಮಳೆಗೆ ಹಳ್ಳಕ್ಕೆ, ಹಳ್ಳದಿಂದ ಕಾಳಿ ನದಿಗೋ ಗಂಗಾವಳಿಗೋ ಸೇರುತ್ತದೆ. ತೆಂಗಿನ ಬುಡಕ್ಕೆ ಸುರಿದದ್ದು ಬಾವಿಗೆ ಇಳಿದೀತು. ಖಾಲಿ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ರಸ್ತೆಯ ಮಾತನ್ನು ಮರೆಯಲಾರೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ನಮ್ಮ ಹೆದ್ದಾರಿಯಲ್ಲಿ ಕಾಳಿಯ ಹಳೆ ಸೇತುವೆ ಕುಸಿಯಿತು. ಎರಡೂ ದಿಕ್ಕಿನ ಗಾಡಿಗಳು ಹೊಸ ಸೇತುವೆಯೊಂದರ ಮೇಲೇ ಬಂದವು. ಎದುರುಬದುರು ಲಾರಿಗಳ ನಡುವೆ ಬೈಕಿನವರು ಹೋಗುವಾಗ, ಮುಂದೆ ಹೋದವನ ಎಂಜಿನ್ನಿನಿಂದ ಸೋರಿದ ಎಣ್ಣೆ ಚಕ್ರಕ್ಕೆ ಸಿಕ್ಕರೆ ಏನಾದೀತು? ಅರಬೈಲ್ ಘಟ್ಟದ ತಿರುವಿನಲ್ಲಿ, ಮೊದಲ ಮಳೆ ಬಿದ್ದ ದಿನ, ಅದೇ ಎಣ್ಣೆ ಇನ್ನೂ ಕೆಟ್ಟದ್ದು. ನನ್ನ ಅಂಗಳದಲ್ಲಿ ಕೆಟ್ಟ ಬೋಲ್ಟು ನನ್ನ ಗಾಡಿಯ ವಿಷಯ ಮಾತ್ರ ಎಂದು ಅಮದಳ್ಳಿಯ ಆ ದಿನದಿಂದ ನಾನು ಎಣಿಸಿಲ್ಲ.

ಆದ್ದರಿಂದ ಕೆಲಸ ಮುಗಿದ ಕೂಡಲೇ ಪೇಟೆಗೆ ಹೊರಡಬೇಡಿ. ಹೊಸ ಆಯಿಲ್ ಹಾಕಿದಿರಾ ಎಂದು ಮೊದಲು ನೋಡಿಕೊಳ್ಳಿ. ಅದನ್ನು ಮರೆತು ಕಿಕ್ ಹೊಡೆದವರೂ ಇದ್ದಾರೆ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ಬಂದ್ ಮಾಡಿ, ಬೋಲ್ಟಿನ ಸುತ್ತ ಒಣ ಬಟ್ಟೆಯಿಂದ ಒರೆಸಿ. ಮಟ್ಟ ನೋಡಿ. ರಾತ್ರಿ ಗಾಡಿಯ ಕೆಳಗೆ ಒಂದು ಬಿಳಿ ಕಾಗದ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಚಿರೇಕಲ್ಲಿನ ಚೂರು ಇಡಿ. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಎದ್ದು ನೋಡಿ. ಕಾಗದ ಬೆಳ್ಳಗಿದ್ದರೆ ಹೊರಡಿ. ಒಂದು ಹನಿ ಬಿದ್ದಿದ್ದರೆ, ಪೈಪು ಹುಡುಕಬೇಡಿ, ವಾಷರ್ ತನ್ನಿ.